ಇದರ ಮುಂದಿನದು ಕೊಡಿಸು: ಓದುವ ಹುಡುಗಿಗೆ ಸರಣಿ ಪುಸ್ತಕ ಆರಿಸುವ ಬಗೆ

ಬೆಂಗಳೂರಿನ ಅಂಚಿನ ಬಾಗಲೂರಿನಲ್ಲಿರುವ ನನ್ನ ತಂಗಿಯ ಮಗಳು ಈಗ ನಾಲ್ಕನೇ ತರಗತಿ. ಶನಿವಾರ ಮಧ್ಯಾಹ್ನ ಊಟದ ತಟ್ಟೆಯ ಪಕ್ಕ ತೆರೆದಿಟ್ಟ ಪುಸ್ತಕ ಸಂಜೆ ಹಾಲು ಕುಡಿಯುವ ಹೊತ್ತಿಗೆ ಮುಗಿದಿರುತ್ತದೆ. ಮುಗಿಸಿದವಳೇ ಬಂದು, "ದೊಡ್ಡಮ್ಮಾ, ಇದರ ಮುಂದಿನದು ಕೊಡಿಸ್ತೀಯಾ?" ಅಂತಾಳೆ. ಅವಳಮ್ಮ ಫೋನ್ ತೆಗೆದು ಹುಡುಕುತ್ತಾಳೆ. ಹೆಣ್ಣುಮಕ್ಕಳ ಪುಸ್ತಕ ಎಂದು ಬರೆದರೆ ಸಾಕು, ಗುಲಾಬಿ ಬಣ್ಣದ ಡಬ್ಬಿಗಳು ಸಾಲುಗಟ್ಟುತ್ತವೆ. ರಾಜಕುಮಾರಿ, ಕಿನ್ನರಿ, ಮಿನುಗುವ ಅಕ್ಷರ. ಹತ್ತು ಪುಸ್ತಕದ ಸೆಟ್ಟು, ಇಪ್ಪತ್ತರ ಸೆಟ್ಟು, ಎರಡಕ್ಕೂ ರಿಯಾಯಿತಿ. ಇವುಗಳಲ್ಲಿ ಯಾವುದು ಇವಳ ಕೈಗೆ ಸರಿ, ಯಾವುದನ್ನು ಮೂರನೇ ಪುಟಕ್ಕೇ ಮುಚ್ಚಿಡುತ್ತಾಳೆ ಎಂದು ಆ ಪರದೆ ಹೇಳುವುದಿಲ್ಲ.

ಏರೋಸ್ಪೇಸ್ ಪಾರ್ಕ್ ಬಂದ ಮೇಲೆ ಬಾಗಲೂರಿನ ಸುತ್ತ ಎತ್ತರದ ಕಟ್ಟಡಗಳು ಎದ್ದಿವೆ, ಶಾಲೆಗಳು ತೆರೆದಿವೆ. ಆದರೆ ಮಗುವೇ ಕಪಾಟಿಗೆ ಕೈಹಾಕಿ, ನೆಲದ ಮೇಲೆ ಕೂತು ನಾಲ್ಕು ಪುಟ ಓದಿ, "ಇದು ಬೇಕು" ಅನ್ನುವಂಥ ಅಂಗಡಿಗೆ ನಮ್ಮ ಮನೆಯವರು ಈಗಲೂ ಮೆಜೆಸ್ಟಿಕ್ಕಿನ ಕಡೆಗೇ ಹೋಗುತ್ತೇವೆ. ಹಾಗಾಗಿ ಆಯ್ಕೆಯ ಕೆಲಸವನ್ನು ಮನೆಯಲ್ಲೇ ಅರ್ಧ ಮುಗಿಸಿಕೊಂಡು ಹೊರಡುವುದು ಒಳ್ಳೆಯದು. ಆ ಅರ್ಧಕ್ಕಾಗಿ ಈ ಬರಹ. ನಾನು ಒತ್ತಿ ಹೇಳುವುದು ಎರಡು ಮಾತು. ಸೆಟ್ಟು ಕೊಳ್ಳುವ ಮುಂಚೆ ಒಂದೇ ಒಂದು ಪುಸ್ತಕ ಕೊಟ್ಟು ನೋಡಿ. ಕನ್ನಡದಲ್ಲಿ ಸಿದ್ಧ ಸರಣಿ ಕಣ್ಣಿಗೆ ಬೀಳದಿದ್ದರೆ ನೀವೇ ಒಂದನ್ನು ಜೋಡಿಸಿ. ಎರಡನೆಯದು ಮೊದಲನೆಯದಕ್ಕಿಂತ ಸುಲಭ.

ಸರಣಿ ಯಾಕೆ ಹಿಡಿದಿಡುತ್ತದೆ?

ಸುಧಾ ಮೂರ್ತಿ ತಮ್ಮ ಅಜ್ಜಿಗೆ ಓದು ಕಲಿಸಿದ ಪ್ರಸಂಗ ಅನೇಕರಿಗೆ ಗೊತ್ತು. ಉತ್ತರ ಕರ್ನಾಟಕದ ಹಳ್ಳಿ. ತ್ರಿವೇಣಿಯವರ 'ಕಾಶೀಯಾತ್ರೆ' ಆಗ 'ಕರ್ಮವೀರ'ದಲ್ಲಿ ಧಾರಾವಾಹಿಯಾಗಿ ಬರುತ್ತಿತ್ತು. ಅಜ್ಜಿಗೆ ಓದಲು ಬಾರದು, ವಾರವಾರವೂ ಮೊಮ್ಮಗಳೇ ಓದಿ ಹೇಳಬೇಕು. ಮೊಮ್ಮಗಳು ಮದುವೆಗೆಂದು ಬೇರೆ ಊರಿಗೆ ಹೋದಾಗ ಪತ್ರಿಕೆ ಮನೆಗೆ ಬಂತು. ಚಿತ್ರ ಕಾಣುತ್ತದೆ, ಕಥೆ ಸಿಗುವುದಿಲ್ಲ. ಆ ಸಂಕಟ ಅಜ್ಜಿಯನ್ನು 62ನೇ ವಯಸ್ಸಿನಲ್ಲಿ ಅಕ್ಷರ ಕಲಿಯಲು ಕೂರಿಸಿತು. ದಸರೆಯ ಹೊತ್ತಿಗೆ ಅವರು ಆ ಕಾದಂಬರಿಯ ಹೆಸರನ್ನು ತಾವೇ ಓದಿದರು.

ಮುಂದೇನಾಯಿತು ಎಂಬ ಕುತೂಹಲಕ್ಕೆ ಇರುವ ಬಲ ಅದು. ಮಕ್ಕಳಲ್ಲಿ ಇದರ ಜೊತೆಗೆ ಇನ್ನೊಂದು ಸಂಗತಿ ಕೆಲಸ ಮಾಡುತ್ತದೆ. ಹೊಸ ಪುಸ್ತಕ ತೆರೆದಾಗಲೆಲ್ಲ ಮಗು ಮೊದಲು ಆ ಊರನ್ನು, ಅಲ್ಲಿನ ಜನರನ್ನು, ಯಾರಿಗೆ ಯಾರು ಏನಾಗಬೇಕು ಎಂಬುದನ್ನು ಗುರುತು ಹಚ್ಚಿಕೊಳ್ಳಬೇಕು. ಹತ್ತಿಪ್ಪತ್ತು ಪುಟ ಇದಕ್ಕೇ ಹೋಗುತ್ತದೆ. ಅರ್ಧ ಓದಿ ಬಿಟ್ಟ ಪುಸ್ತಕಗಳಲ್ಲಿ ಬಹುಪಾಲು ನಿಂತಿರುವುದು ಈ ಪುಟಗಳಲ್ಲೇ. ಸರಣಿಯ ಎರಡನೇ ಪುಸ್ತಕ ಹಿಡಿದಾಗ ಆ ಗುರುತು ಆಗಲೇ ಆಗಿರುತ್ತದೆ, ನೆಂಟರ ಮನೆಗೆ ಎರಡನೇ ಸಲ ಹೋದ ಹಾಗೆ. ಅದೇ ಲೇಖಕರ ಅದೇ ಪದಗಳು, ವಾಕ್ಯಗಳ ಅದೇ ಓಟ ಮತ್ತೆ ಮತ್ತೆ ಬರುವುದರಿಂದ ಗೊತ್ತಿಲ್ಲದ ಪದಗಳೂ ನಿಘಂಟಿಲ್ಲದೆ ತಿಳಿಯತೊಡಗುತ್ತವೆ. ಭಾಷೆ ಕಲಿಕೆಯ ಬಗ್ಗೆ ಬರೆದ ಸ್ಟೀಫನ್ ಕ್ರಾಶೆನ್, ಒಬ್ಬರೇ ಲೇಖಕರನ್ನು ಅಥವಾ ಒಂದೇ ವಿಷಯವನ್ನು ಬಿಡದೆ ಓದಿಸುವುದರ ಪರವಾಗಿ ವಾದಿಸಿದ್ದು ಇದೇ ಕಾರಣಕ್ಕೆ. "ಮತ್ತೆ ಅದೇ ಪುಸ್ತಕವಾ?" ಎಂದು ಗದರುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕನ್ನಡಕ್ಕೆ ಮಕ್ಕಳ ಪುಸ್ತಕಮಾಲೆ ಹೊಸದಲ್ಲ. ಶಿವರಾಮ ಕಾರಂತರ 'ಬಾಲ ಪ್ರಪಂಚ' 3 ಸಂಪುಟಗಳಲ್ಲಿ ಬಂದದ್ದು 1936ರಲ್ಲಿ. ನಿರಂಜನರು ಕಿರಿಯರಿಗಾಗಿ 'ಜ್ಞಾನಗಂಗೋತ್ರಿ'ಯ 7 ಸಂಪುಟಗಳನ್ನು ಸಂಪಾದಿಸಿದರು. ಅವರ ಪತ್ನಿ, ವೈದ್ಯೆ ಅನುಪಮಾ ನಿರಂಜನ ವರ್ಷದ ದಿನಕ್ಕೊಂದರಂತೆ ಕಥೆ ಹೇಳಿ 'ದಿನಕ್ಕೊಂದು ಕಥೆ'ಯನ್ನು 12 ಸಂಪುಟ ಮಾಡಿದರು. ನಮ್ಮಲ್ಲಿ ಕಡಿಮೆ ಇರುವುದು ಒಬ್ಬಳೇ ಹುಡುಗಿ ಪುಸ್ತಕದಿಂದ ಪುಸ್ತಕಕ್ಕೆ ನಡೆದು ಬರುವ ಕಾದಂಬರಿ ಸರಣಿ. ಅದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

ಕೊಳ್ಳುವ ಮೊದಲು

1. ಹಿಂದಿನ ಪುಸ್ತಕದಲ್ಲಿ ಅವಳಿಗೆ ಹಿಡಿಸಿದ್ದು ಏನು ಎಂದು ಕೇಳಿ. "ಚೆನ್ನಾಗಿತ್ತಾ?" ಎಂದರೆ "ಹೂಂ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ಯಾವ ಜಾಗ ಎರಡು ಸಲ ಓದಿದೆ?" ಎಂದು ಕೇಳಿ. ನಗು ಬಂದ ಜಾಗ ತೋರಿಸಿದರೆ ಅವಳಿಗೆ ಬೇಕಾದದ್ದು ತಮಾಷೆ. ಕಳ್ಳ ಸಿಕ್ಕಿಬಿದ್ದ ಪುಟ ತೋರಿಸಿದರೆ ಪತ್ತೇದಾರಿ. ಗೆಳತಿಯರ ಜಗಳ, ರಾಜಿ ಎಂದರೆ ಶಾಲೆಯ ಕಥೆ. ನಾಯಿ, ಆನೆ ಎಂದರೆ ಪ್ರಾಣಿ. "ಇದು ನಿಜವಾಗಿ ಆಗಿತ್ತಾ?" ಎಂದು ಅವಳೇ ತಿರುಗಿ ಕೇಳಿದರೆ ಅವಳಿಗೆ ಕಥೆಗಿಂತ ಚರಿತ್ರೆ, ವಿಜ್ಞಾನ ರುಚಿಸುತ್ತದೆ. ಅಂಥ ಹುಡುಗಿಯರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದ್ದಾರೆ. ಅವರ ಕೈಗೆ ಬರೀ ಕಿನ್ನರಿ ಕಥೆ ಇಟ್ಟು, ಇವಳಿಗೆ ಓದು ಬೇಡ ಎಂದು ತೀರ್ಮಾನಿಸಬೇಡಿ.

2. ಒಂದು ಪುಟ ಓದಿಸಿ ನೋಡಿ. ಇಂಗ್ಲಿಷ್ ಪುಸ್ತಕವಾದರೆ ಮಧ್ಯದ ಯಾವುದಾದರೂ ಪುಟ ತೆರೆದು, ತಿಳಿಯದ ಪದಕ್ಕೊಂದು ಬೆರಳು ಮಡಚಲಿ. ಪುಟ ಮುಗಿಯುವುದರೊಳಗೆ ಐದೂ ಮಡಚಿದರೆ ಆ ಪುಸ್ತಕ ಆರು ತಿಂಗಳು ಕಾಯಬಹುದು. ಒಂದೂ ಮಡಚದಿದ್ದರೆ ಸುಲಭ, ಪ್ರಯಾಣದಲ್ಲಿ ಓದಲಿಕ್ಕೆ ಸರಿ. ಕನ್ನಡಕ್ಕೆ ಈ ಅಳತೆ ಅಷ್ಟಾಗಿ ಹೊಂದುವುದಿಲ್ಲ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಪದದ ಅರ್ಥ ಕಿವಿಗೆ ಗೊತ್ತಿರುತ್ತದೆ, ಒತ್ತಕ್ಷರ ಕಣ್ಣಿಗೆ ಕಷ್ಟ ಕೊಡುತ್ತದೆ. ಆದ್ದರಿಂದ ಜೋರಾಗಿ ಓದಿಸಿ. ಸಾಲಿಗೆ ಎರಡು ಕಡೆ ತಡೆದರೆ, ಅಕ್ಷರ ದೊಡ್ಡದಿರುವ, ಸಾಲಿನ ನಡುವೆ ಜಾಗ ಬಿಟ್ಟಿರುವ ಪುಸ್ತಕ ಆರಿಸಿ. ವಿಷಯವನ್ನು ಮಾತ್ರ ಇಳಿಸಬೇಡಿ. ಹತ್ತು ವರ್ಷದವಳ ಮುಂದೆ ಮೂರು ವರ್ಷದವರ ಪುಸ್ತಕ ಇಟ್ಟರೆ ಅವಳಿಗೆ ಅವಮಾನವಾಗುತ್ತದೆ.

3. ಕ್ರಮ ಮುಖ್ಯವೇ ಎಂದು ತಿಳಿದುಕೊಳ್ಳಿ. ಎನಿಡ್ ಬ್ಲೈಟನ್‌ರ 'ಫೇಮಸ್ ಫೈವ್' 21 ಪುಸ್ತಕಗಳನ್ನು ಮೊದಲನೆಯದಾದ ಮೇಲೆ ಹೇಗೆ ಬೇಕಾದರೂ ಓದಬಹುದು. ಅವರದೇ 'ಮ್ಯಾಲರಿ ಟವರ್ಸ್' ಹಾಗಲ್ಲ. ಅದರ 6 ಪುಸ್ತಕಗಳಲ್ಲಿ ಡ್ಯಾರೆಲ್ ಎಂಬ ಹುಡುಗಿ ಹಾಸ್ಟೆಲ್ ಶಾಲೆಗೆ ಕಾಲಿಟ್ಟ ದಿನದಿಂದ ಕೊನೆಯ ವರ್ಷದವರೆಗೆ ಬೆಳೆಯುತ್ತಾಳೆ. ನಾಲ್ಕನೆಯದನ್ನು ಮೊದಲು ಕೊಟ್ಟರೆ ಯಾರು ಯಾಕೆ ಮುನಿಸಿಕೊಂಡಿದ್ದಾರೆ ಎಂಬುದೇ ತಿಳಿಯದು. 'ನಾರ್ನಿಯಾ'ದ 7 ಪುಸ್ತಕಗಳಿಗೆ ಎರಡು ಕ್ರಮ ಇವೆ: ಅಚ್ಚಾದ ಕ್ರಮ ಒಂದು, ಕಥೆಯೊಳಗಿನ ಕಾಲದ ಕ್ರಮ ಇನ್ನೊಂದು. ಡಬ್ಬಿಯ ಮೇಲೆ ಎರಡನೆಯದು ಇದ್ದರೂ, ಸಿಂಹ, ಮಾಟಗಾತಿ, ಬಟ್ಟೆಬೀರು ಇರುವ ಪುಸ್ತಕದಿಂದ ಆರಂಭಿಸಿದರೆ ಚೆಂದ. 1950ರಲ್ಲಿ ಮೊದಲು ಬಂದದ್ದೂ ಅದೇ.

4. ಹೆಸರು ಒಂದೇ ಇದ್ದರೂ ಸರಣಿ ಬೇರೆ ಇರಬಹುದು. ನ್ಯಾನ್ಸಿ ಡ್ರೂ ಇದಕ್ಕೆ ಒಳ್ಳೆಯ ಉದಾಹರಣೆ, ಪೋಷಕರು ಹೆಚ್ಚು ಎಡವುವುದೂ ಇಲ್ಲೇ. 1930ರಲ್ಲಿ ಶುರುವಾದ ಈ ಪತ್ತೇದಾರಿ ಹುಡುಗಿಯ ಕಥೆಗಳ ಮೇಲೆ ಕ್ಯಾರೊಲಿನ್ ಕೀನ್ ಎಂಬ ಹೆಸರಿದೆ. ಅಂಥ ಲೇಖಕಿಯೇ ಇಲ್ಲ. ಪ್ರಕಾಶಕರು ಹಲವರಿಂದ ಬರೆಸಿ ಆ ಹೆಸರು ಹಾಕುತ್ತ ಬಂದರು, ಮೊದಮೊದಲ ಪುಸ್ತಕಗಳಲ್ಲಿ ಹೆಚ್ಚಿನವನ್ನು ಬರೆದವರು ಮಿಲ್ಡ್ರೆಡ್ ವರ್ಟ್ ಬೆನ್ಸನ್. ಈಗ ಅದೇ ಹೆಸರಿನಡಿ ಹಲವು ಕವಲು. 'ಕ್ಲೂ ಕ್ರೂ'ನಲ್ಲಿ ನ್ಯಾನ್ಸಿಗೆ ಎಂಟೇ ವರ್ಷ, ಏಳೆಂಟು ವರ್ಷದ ಓದುಗರಿಗಾಗಿ ಬರೆದದ್ದು. ಹಳೆಯ 56 ಪುಸ್ತಕಗಳ ಮೂಲ ಸಾಲು ಒಂಬತ್ತು-ಹತ್ತರ ಮೇಲಿನವರಿಗೆ. 1986ರಲ್ಲಿ ಶುರುವಾದ 'ಫೈಲ್ಸ್' ಸಾಲಿನಲ್ಲಿ ಕೊಲೆಯೂ ಪ್ರೇಮವೂ ಇವೆ, ಅದು ಹದಿಹರೆಯದವರದ್ದು. ಮುಖಪುಟದ ಹೆಸರು ನೋಡಿ ಕೊಂಡರೆ ನಾಲ್ಕನೇ ತರಗತಿಯ ಹುಡುಗಿಗೆ ಹತ್ತನೇ ತರಗತಿಯ ಪುಸ್ತಕ ಬಂದುಬಿಡುತ್ತದೆ. ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ.

5. ಪುಸ್ತಕದೊಳಗಿನ ಹುಡುಗಿಯರು ಏನು ಮಾಡುತ್ತಿದ್ದಾರೆ ನೋಡಿ. ಯೋಚಿಸುತ್ತಾರೆಯೇ, ತಪ್ಪು ಮಾಡುತ್ತಾರೆಯೇ, ತಮ್ಮ ತಪ್ಪನ್ನು ತಾವೇ ಸರಿಮಾಡಿಕೊಳ್ಳುತ್ತಾರೆಯೇ, ಇಲ್ಲ ಬಟ್ಟೆ ಬದಲಿಸುತ್ತ ಯಾರಾದರೂ ಬಂದು ಕಾಪಾಡಲಿ ಎಂದು ಕಾಯುತ್ತಾರೆಯೇ? ಗುಲಾಬಿ ಬಣ್ಣದ ಮೇಲೆ ನನಗೆ ಸಿಟ್ಟಿಲ್ಲ. ಆ ಬಣ್ಣದ ಹೊದಿಕೆಯಲ್ಲೂ ಒಳ್ಳೆಯ ಕಥೆ ಇರುತ್ತದೆ. ಹೊದಿಕೆ ತೆಗೆದು ಒಳಗೆ ನೋಡಬೇಕು, ಅಷ್ಟೇ.

ವಯಸ್ಸು ಮತ್ತು ಹೊಂದುವ ಸರಣಿ

ಇಲ್ಲಿ ಹೇಳುವ ವಯಸ್ಸು ಅಂದಾಜು. ಮೇಲಿನ ಎರಡನೇ ಅಂಶದ ಪರೀಕ್ಷೆಯೇ ನಂಬತಕ್ಕದ್ದು.

ಐದರಿಂದ ಏಳು ವರ್ಷ: ಇವರಿಗೆ ಚಿತ್ರ ಬೇಕು, ಪರಿಚಿತ ಮುಖ ಬೇಕು. ರೋಹಿಣಿ ನಿಲೇಕಣಿಯವರು ಬರೆದ ಶೃಂಗೇರಿ ಶ್ರೀನಿವಾಸನ ಪುಸ್ತಕಗಳು ನಮ್ಮ ಮಣ್ಣಿನವೇ. ಉದ್ದ ಕೂದಲಿನ ಈ ರೈತ ಒಂದು ಪುಸ್ತಕದಲ್ಲಿ ವರ್ಷಕ್ಕೊಮ್ಮೆ ಕೂದಲು ಕತ್ತರಿಸಿಕೊಳ್ಳಲು ಹೊರಡುತ್ತಾನೆ, ಇನ್ನೊಂದರಲ್ಲಿ ಬೆಳೆದ ಬಾಳೆಹಣ್ಣನ್ನು ಯಾರಿಗೆ ಕೊಡಲಿ ಎಂದು ಪರದಾಡುತ್ತಾನೆ. ಬೆಂಗಳೂರಿನಲ್ಲಿ 2004ರಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಇವನ್ನು ತಂದಿದೆ. ಅವರದೇ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ನೂರಾರು ಚಿತ್ರಪುಸ್ತಕಗಳನ್ನು ಹಣ ಕೊಡದೆ ಓದಬಹುದು, ಇಳಿಸಿಕೊಂಡು ಮುದ್ರಿಸಲೂಬಹುದು. ಪುಸ್ತಕಗಳನ್ನು 1ರಿಂದ 4ರವರೆಗೆ ಹಂತವಾಗಿ ವಿಂಗಡಿಸಿರುವುದರಿಂದ ಆರಿಸುವುದು ಸುಲಭ. ಮಲಗುವ ಹೊತ್ತಿಗೆ 'ದಿನಕ್ಕೊಂದು ಕಥೆ'ಯಿಂದ ಒಂದನ್ನು ನೀವೇ ಓದಿ ಹೇಳಿ.

ಏಳರಿಂದ ಒಂಬತ್ತು: ಚಿತ್ರಪುಸ್ತಕ ಸಾಲದು, ದಪ್ಪ ಪುಸ್ತಕ ಭಯ ಹುಟ್ಟಿಸುತ್ತದೆ. ಸರಣಿ ಹೆಚ್ಚು ಉಪಕಾರಕ್ಕೆ ಬರುವ ಕಾಲವೇ ಇದು. ಸುಧಾ ಮೂರ್ತಿಯವರ 'ಗೋಪಿ ಡೈರೀಸ್' 3 ಪುಸ್ತಕಗಳಲ್ಲಿ ನಾಯಿಯೇ ಕಥೆ ಹೇಳುತ್ತದೆ, ಮನೆಯಲ್ಲಿ ನಾಯಿ ಬೇಕೆಂದು ಹಟ ಹಿಡಿದವರಿಗೆ ಬಹಳ ಇಷ್ಟ. ಬೆವರ್ಲಿ ಕ್ಲಿಯರಿಯವರ 'ರಮೋನಾ' 8 ಪುಸ್ತಕಗಳ ಹುಡುಗಿ ಅಮೆರಿಕದವಳು. ಆದರೆ ಅಕ್ಕನ ಮೇಲಿನ ಹೊಟ್ಟೆಕಿಚ್ಚು, ಟೀಚರ್ ತನ್ನನ್ನು ತಪ್ಪು ತಿಳಿದರೆಂಬ ದುಃಖ, ಅಪ್ಪನ ಕೆಲಸ ಹೋದಾಗ ಮನೆಯ ಮೌನ, ಇವಕ್ಕೆ ಊರಿನ ಹಂಗಿಲ್ಲ. ಮಗಳು ಸುಮ್ಮನೆ ಸಿಡುಕುತ್ತಾಳೆ ಎನ್ನುವ ಅಮ್ಮಂದಿರು ತಾವೂ ಒಂದು ಓದಿ ನೋಡಬೇಕು. ಬಣ್ಣಬಣ್ಣದ ಅಕ್ಷರಗಳ 'ಜೆರೊನಿಮೊ ಸ್ಟಿಲ್ಟನ್', ಅದರ ಹುಡುಗಿಯರ ಕವಲು 'ಥಿಯಾ ಸ್ಟಿಲ್ಟನ್' ಸಹ ಬೇಗ ಓಡುತ್ತವೆ. ಸಾಹಿತ್ಯ ಎನ್ನುವಷ್ಟು ಅವುಗಳಲ್ಲಿಲ್ಲ. ಓದಿನ ವೇಗ ಹೆಚ್ಚಿಸಲು ಸಾಕು.

ಒಂಬತ್ತರಿಂದ ಹನ್ನೆರಡು: ಹಸಿವು ಹೆಚ್ಚಿರುವ ವಯಸ್ಸು, ಆಯ್ಕೆಯೂ ಹೆಚ್ಚು. ಸುಧಾ ಮೂರ್ತಿಯವರ ಪುರಾಣಕಥೆಗಳ 5 ಪುಸ್ತಕಗಳಲ್ಲಿ ಒಂದು ಪೂರ್ತಿಯಾಗಿ ಪುರಾಣದ ಹೆಣ್ಣುಮಕ್ಕಳದ್ದು, ಅದರಿಂದಲೇ ಆರಂಭಿಸಬಹುದು. ಬೆಂಗಳೂರಿನ ರೂಪಾ ಪೈ ಬರೆದ 'ತಾರಾನಾಟ್ಸ್' 8 ಪುಸ್ತಕಗಳ ಭಾರತೀಯ ಫ್ಯಾಂಟಸಿ. ಒಗಟು ಬಿಡಿಸುವ ಹುಚ್ಚಿದ್ದವರಿಗೆ ಅದು ಹೇಳಿ ಮಾಡಿಸಿದ ಹಾಗಿದೆ. 'ಗರ್ಲ್ಸ್ ಆಫ್ ಇಂಡಿಯಾ' ಸರಣಿಯಲ್ಲಿ ಪ್ರತಿ ಪುಸ್ತಕಕ್ಕೂ ಬೇರೆ ಲೇಖಕಿ, ಬೇರೆ ಕಾಲ: ಹರಪ್ಪ, ಮೌರ್ಯ, ಚೋಳ. ಚರಿತ್ರೆ ಪಾಠ ಬೇಸರ ಎನ್ನುವವಳು ಇದನ್ನು ಓದಿ ಮನಸ್ಸು ಬದಲಿಸಿದ್ದನ್ನು ನಾನು ಮನೆಯಲ್ಲೇ ನೋಡಿದ್ದೇನೆ.

ಹನ್ನೆರಡರ ಮೇಲೆ: ತೂಲಿಕಾ ಪ್ರಕಾಶನ ತಂದಿರುವ ಮಯಿಲ್ ಎಂಬ ಹುಡುಗಿಯ ದಿನಚರಿ ಪುಸ್ತಕಗಳು ನನ್ನ ಮೊದಲ ಆಯ್ಕೆ. ಸೌಮ್ಯಾ ರಾಜೇಂದ್ರನ್ ಮತ್ತು ನಿವೇದಿತಾ ಸುಬ್ರಮಣಿಯಂ ಬರೆದ ಇದರ ಮೊದಲ ಪುಸ್ತಕಕ್ಕೆ 2015ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಮೈ ಬದಲಾಗುವುದು, ಹುಡುಗ-ಹುಡುಗಿ ಎಂಬ ಭೇದ, ಗೆಳತಿಯರ ಗುಂಪಿನಿಂದ ಹೊರಗುಳಿಯುವ ಭಯ, ಎಲ್ಲವೂ ನಮ್ಮ ಮನೆಯ ಭಾಷೆಗೆ ಹತ್ತಿರವಾಗಿ ಬಂದಿವೆ. 'ಆ್ಯನ್ ಆಫ್ ಗ್ರೀನ್ ಗೇಬಲ್ಸ್' (1908) ಕೂಡ ಈ ವಯಸ್ಸಿಗೆ. ಒಂದೆರಡು ಪುಸ್ತಕಗಳಾದ ಮೇಲೆ ಅವಸರ ಬೇಡ. ಆ್ಯನ್ ಮುಂದೆ ಬೆಳೆದು, ಮದುವೆಯಾಗಿ, ಮಕ್ಕಳ ತಾಯಿಯಾಗುತ್ತಾಳೆ. ಓದುವವಳು ಅಷ್ಟು ಬೇಗ ಬೆಳೆದಿರುವುದಿಲ್ಲ.

ಕನ್ನಡದಲ್ಲಿ ಸರಣಿ ಜೋಡಿಸುವುದು

ಬಾಗಲೂರಿನ ಅಪಾರ್ಟ್‌ಮೆಂಟಿನಲ್ಲಿ ಓದುವ ಮಕ್ಕಳ ಕಪಾಟು ನೋಡಿ. ಇಂಗ್ಲಿಷ್ ಸರಣಿಗಳು ಸಾಲಾಗಿ ನಿಂತಿರುತ್ತವೆ, ಕನ್ನಡದ್ದು ಬಹುಮಾನವಾಗಿ ಬಂದ ಒಂದೆರಡು ಬಿಡಿ ಪುಸ್ತಕ. ಮಗುವಿಗೆ ಕನ್ನಡ ಬೇಡ ಎಂದಲ್ಲ, ಕನ್ನಡದಲ್ಲಿ 'ಮುಂದಿನದು' ಯಾವುದೆಂದು ಅವಳಿಗೆ ಯಾರೂ ತೋರಿಸಿಲ್ಲ. ತೋರಿಸುವ ಮೂರು ದಾರಿ ನನಗೆ ಗೊತ್ತು.

ಮೊದಲನೆಯದು, ಒಬ್ಬ ಲೇಖಕರ ಹಿಂದೆ ಹೋಗುವುದು. ಪೂರ್ಣಚಂದ್ರ ತೇಜಸ್ವಿಯವರನ್ನು ತೆಗೆದುಕೊಳ್ಳಿ. ಹತ್ತು-ಹನ್ನೊಂದಕ್ಕೆ 'ಏರೋಪ್ಲೇನ್ ಚಿಟ್ಟೆ'. ದಿನವಿಡೀ ತಲೆಯ ಮೇಲೆ ವಿಮಾನ ಹಾರುವ ಬಾಗಲೂರಿನ ಮಗು ಆ ಹೆಸರಿಗೇ ಕೈಚಾಚುತ್ತದೆ. ಆಮೇಲೆ 'ಪರಿಸರದ ಕಥೆ', ಅದರಲ್ಲಿ ಕಿವಿ ಎಂಬ ನಾಯಿ ಇದೆ. ನಂತರ ಕೆನೆತ್ ಆ್ಯಂಡರ್ಸನ್ ಅನುಭವಗಳ ಕನ್ನಡ ರೂಪವಾದ 'ಕಾಡಿನ ಕಥೆಗಳು', 4 ಪುಸ್ತಕ. ಅದರಲ್ಲೊಂದು 'ಜಾಲಹಳ್ಳಿಯ ಕುರ್ಕ'. ಕುರ್ಕ ಎಂದರೆ ಚಿರತೆ, ಜಾಲಹಳ್ಳಿ ಎಂದರೆ ನಮ್ಮ ಯಶವಂತಪುರದ ಆಚೆಗಿನ ಅದೇ ಜಾಲಹಳ್ಳಿ. ತಾನು ಬಸ್ಸಿನಲ್ಲಿ ಹಾದುಹೋಗುವ ಜಾಗದಲ್ಲಿ ಚಿರತೆ ಓಡಾಡುತ್ತಿತ್ತು ಎಂಬುದು ಯಾವ ಫ್ಯಾಂಟಸಿಗಿಂತ ಕಡಿಮೆ? ಹದಿಮೂರರ ಹೊತ್ತಿಗೆ ಮಿಲೇನಿಯಂ ಸರಣಿಯ 16 ಪುಸ್ತಕಗಳು ಕಾದಿರುತ್ತವೆ. ಮುಂದೊಂದು ದಿನ 'ಕರ್ವಾಲೊ'. ಒಂದು ಕೊರತೆಯನ್ನೂ ಹೇಳಬೇಕು: ಬೇಟೆಯ ಕಥೆಗಳಲ್ಲಿ ರಕ್ತ ಇದೆ, ಹೆಣ್ಣುಮಕ್ಕಳು ಕಡಿಮೆ. ಮೃದು ಮನಸ್ಸಿನವಳಾದರೆ 'ಪರಿಸರದ ಕಥೆ'ಯಲ್ಲೇ ಸ್ವಲ್ಪ ಕಾಲ ನಿಲ್ಲಿಸಿ.

ಅನುಪಮಾ ನಿರಂಜನರದ್ದು ಇನ್ನೊಂದು ಸಾಲು, ಹೆಣ್ಣುಮಗುವಿನ ಜೊತೆ ದೂರ ನಡೆಯುವ ಸಾಲು. ಆರನೇ ವಯಸ್ಸಿನಲ್ಲಿ 'ದಿನಕ್ಕೊಂದು ಕಥೆ'ಯಲ್ಲಿ ಕಥೆ ಹೇಳಿದವರೇ, ಅವಳು ಹನ್ನೆರಡಕ್ಕೆ ಬಂದಾಗ 'ಕೇಳು ಕಿಶೋರಿ' ಎಂದು ಕರೆದು ಮೈ ಬೆಳೆಯುವ ಬಗೆಯನ್ನು ವೈದ್ಯೆಯಾಗಿ ವಿವರಿಸುತ್ತಾರೆ. ದಶಕಗಳ ಹಿಂದಿನ ಪುಸ್ತಕವಾದ್ದರಿಂದ ವೈದ್ಯಕೀಯ ವಿವರಗಳನ್ನು ಇಂದಿನ ತಿಳಿವಳಿಕೆಯ ಜೊತೆ ಹೋಲಿಸಿಕೊಂಡು ಅಮ್ಮನೋ ಅಕ್ಕನೋ ಜೊತೆಗೆ ಓದುವುದು ಒಳ್ಳೆಯದು.

ಎರಡನೆಯ ದಾರಿ, ಸಿದ್ಧ ಮಾಲೆ. ರಾಷ್ಟ್ರೋತ್ಥಾನ ಸಾಹಿತ್ಯದ 'ಭಾರತ-ಭಾರತಿ ಪುಸ್ತಕ ಸಂಪದ'ದಲ್ಲಿ 510 ಕಿರುಪುಸ್ತಕಗಳಿವೆ, ಪ್ರಧಾನ ಸಂಪಾದಕರಾಗಿದ್ದವರು ಎಲ್.ಎಸ್. ಶೇಷಗಿರಿರಾವ್. ಒಂದೊಂದೂ ಒಬ್ಬೊಬ್ಬರ ಜೀವನ, ಒಂದೇ ಕೂತಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. "ಇದು ನಿಜವಾಗಿ ಆಗಿತ್ತಾ?" ಎಂದು ಕೇಳುವ ಹುಡುಗಿಗೆ ಇದು ಗಣಿ. ಒಟ್ಟಿಗೆ ರಾಶಿ ತಂದಿಡದೆ, ಮಹಿಳೆಯರ ಜೀವನದ ಹತ್ತು ಪುಸ್ತಕ ಆರಿಸಿ ಅದನ್ನೇ ಒಂದು ಸರಣಿಯಾಗಿ ಕೊಡಿ. ಅಮರ ಚಿತ್ರಕಥೆಯನ್ನೂ ಕಾಮಿಕ್ಸ್ ಎಂದು ತಳ್ಳಬೇಡಿ. ಕನ್ನಡ ಓದಲು ತಡಬಡಿಸುವ ಮಗುವಿಗೆ ಚಿತ್ರವೇ ಅರ್ಧ ಅರ್ಥ ಹೇಳಿಬಿಡುತ್ತದೆ.

ಲಾರಾ ಇಂಗಲ್ಸ್ ವೈಲ್ಡರ್ ಅವರ ಪುಟ್ಟ ಮನೆಯ ಪುಸ್ತಕಗಳೂ ಕನ್ನಡದಲ್ಲಿ ಇವೆ, ಅನುವಾದಿಸಿದವರು ಎಸ್. ಅನಂತನಾರಾಯಣ. 'ಹುಲ್ಲುಗಾವಲಿನಲ್ಲಿ ಪುಟ್ಟ ಮನೆ' ಅವುಗಳಲ್ಲೊಂದು. ಒಬ್ಬಳೇ ಹುಡುಗಿ ಪುಸ್ತಕದಿಂದ ಪುಸ್ತಕಕ್ಕೆ ಬೆಳೆಯುವ ಕಥೆಯನ್ನು ಕನ್ನಡದಲ್ಲೇ ಓದಬೇಕೆಂದರೆ ಇದನ್ನು ಹುಡುಕಿ. ವಿ. ಗಾಯತ್ರಿಯವರ ಅನುವಾದದ 'ತೊತ್ತೊ-ಚಾನ್' ಸರಣಿಯಲ್ಲ, ಆದರೂ ಇದರ ಪಕ್ಕದಲ್ಲೇ ಇಡಿ. ರೈಲುಡಬ್ಬಿಯ ಶಾಲೆಯಲ್ಲಿ ಓದಿದ ಆ ಹುಡುಗಿಯನ್ನು ಇಷ್ಟಪಡದ ಮಗುವನ್ನು ನಾನಿನ್ನೂ ಕಂಡಿಲ್ಲ.

ಮೂರನೆಯ ದಾರಿ ಪ್ರಶಸ್ತಿಯ ಪಟ್ಟಿ. ಸಾಹಿತ್ಯ ಅಕಾಡೆಮಿ 2010ರಿಂದ ಮಕ್ಕಳ ಸಾಹಿತ್ಯಕ್ಕೆ ಪ್ರತ್ಯೇಕ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ ಮೊದಲ ವರ್ಷ ಬೊಳುವಾರು ಮಹಮದ್ ಕುಂಞಿ, ಮರುವರ್ಷ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ತಿಂಗಳಿಗೊಂದು ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ಓದಿದ್ದಕ್ಕೆ ಅವಳೇ ಗುರುತು ಹಾಕಲಿ. ಮುಂದಿನದು ಯಾವುದು ಎಂಬ ಪ್ರಶ್ನೆಗೆ ಉತ್ತರ ಗೋಡೆಯ ಮೇಲೇ ಇರುತ್ತದೆ.

ಕನ್ನಡ ಪುಸ್ತಕ ಹಿಡಿಸಲು ನಮ್ಮ ಮನೆಯಲ್ಲಿ ನಡೆದ ಉಪಾಯ ಇದು. ಮೊದಲ ಎರಡು ಅಧ್ಯಾಯ ನಾನು ಗಟ್ಟಿಯಾಗಿ ಓದುತ್ತೇನೆ. ಯಾರೋ ಬಾಗಿಲು ತಟ್ಟಿದ, ಏನೋ ಸದ್ದಾಯಿತು ಎನ್ನುವ ಕಡೆ ನಿಲ್ಲಿಸಿ, "ಅಡುಗೆಮನೆಯಲ್ಲಿ ಕೆಲಸ ಇದೆ" ಎಂದು ಎದ್ದು ಹೋಗುತ್ತೇನೆ. ಪುಸ್ತಕ ಅವಳ ಎದುರೇ ಇರುತ್ತದೆ. 'ಕಾಶೀಯಾತ್ರೆ'ಗೆ ಕಾದ ಅಜ್ಜಿಗೆ ಆದದ್ದೇ ಇಲ್ಲೂ ಆಗುತ್ತದೆ.

ಎಚ್ಚರ ಬೇಕಾದ ಕಡೆ

ಮೊದಲ ಪುಸ್ತಕ ಓದಿ, ಇಡೀ ಸರಣಿ ಹೀಗೇ ಇರುತ್ತದೆ ಎಂದುಕೊಳ್ಳಬೇಡಿ. 'ಹ್ಯಾರಿ ಪಾಟರ್' ಮೊದಲ ಪುಸ್ತಕದಲ್ಲಿ ಹುಡುಗನಿಗೆ ಹನ್ನೊಂದು ವರ್ಷ. ನಾಲ್ಕನೆಯದರಿಂದ ಸಾವುಗಳು ಹತ್ತಿರ ಬರುತ್ತವೆ. ಎಂಟು ವರ್ಷದವಳು ಏಳೂ ಪುಸ್ತಕಗಳನ್ನು ಒಂದೇ ರಜೆಯಲ್ಲಿ ಓದುವ ಬದಲು ವರ್ಷಕ್ಕೊಂದೆರಡು ಓದಿದರೆ ಕಥೆಯೂ ಅವಳೂ ಜೊತೆಗೆ ಬೆಳೆಯುತ್ತಾರೆ.

ಹಳೆಯ ಪುಸ್ತಕಗಳಲ್ಲಿ ಹಳೆಯ ಪೂರ್ವಗ್ರಹಗಳೂ ಇರುತ್ತವೆ. ಪುಟ್ಟ ಮನೆಯ ಕಥೆಗಳಲ್ಲಿ ಅಮೆರಿಕದ ಮೂಲನಿವಾಸಿಗಳ ಬಗ್ಗೆ ಬರುವ ಮಾತುಗಳ ಕಾರಣಕ್ಕೆ ಅಲ್ಲಿನ ಗ್ರಂಥಾಲಯ ಸಂಘ 2018ರಲ್ಲಿ ವೈಲ್ಡರ್ ಹೆಸರಿನ ಪ್ರಶಸ್ತಿಯ ಹೆಸರನ್ನೇ ಬದಲಿಸಿತು. 'ಫೇಮಸ್ ಫೈವ್'ನಲ್ಲಿ ಆ್ಯನ್ ಪಾತ್ರೆ ತೊಳೆಯುತ್ತಾಳೆ, ಜಾರ್ಜಿನಾ ಕೂದಲು ಕತ್ತರಿಸಿಕೊಂಡು ತನ್ನನ್ನು ಜಾರ್ಜ್ ಎಂದೇ ಕರೆಯಬೇಕೆನ್ನುತ್ತಾಳೆ. ಇಂಥವನ್ನು ಬಚ್ಚಿಡುವ ಅಗತ್ಯವಿಲ್ಲ. "ಪಾತ್ರೆ ತೊಳೆಯೋದು ಆ್ಯನ್‌ಳ ಕೆಲಸ ಅಂತ ಯಾರು ಹೇಳಿದ್ರು?" ಎಂದು ಊಟ ಮಾಡುತ್ತ ಕೇಳಿ. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಬಂದ ಉತ್ತರ ಅರ್ಧ ಗಂಟೆ ನಡೆಯಿತು.

ಸಂಕ್ಷಿಪ್ತ ಆವೃತ್ತಿಗಳನ್ನೂ ನೋಡಿಕೊಳ್ಳಿ. ದೊಡ್ಡ ಕಾದಂಬರಿಯನ್ನು ಅರವತ್ತು ಪುಟಕ್ಕೆ ಕತ್ತರಿಸಿದ ಅಗ್ಗದ ಸೆಟ್ಟುಗಳಲ್ಲಿ ಘಟನೆ ಉಳಿಯುತ್ತದೆ, ಮಾತಿನ ರುಚಿ ಹೋಗುತ್ತದೆ. ಮುಖ್ಯ ತೊಂದರೆ ಏನೆಂದರೆ, ಮೂಲ ಪುಸ್ತಕ ಎದುರಾದಾಗ ಮಗು "ಇದು ಓದಿ ಆಯ್ತು" ಎನ್ನುತ್ತದೆ.

ಎಲ್ಲಿ ಸಿಗುತ್ತವೆ

ಊರಿನಿಂದಲೇ ಶುರುಮಾಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳು. 2020ರ ನವೆಂಬರ್ 14ರಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಅಪಾರ್ಟ್‌ಮೆಂಟಿನವರು ಇದು ನಮಗಲ್ಲ ಎಂದು ತಿಳಿಯುವುದು ಬೇಡ. ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ, ಮಗುವನ್ನು ಕರೆದುಕೊಂಡೇ ಹೋಗಿ.

ತಿಂಗಳಿಗೊಂದು ಭಾನುವಾರ ಪೇಟೆಗೆ ಹೋಗುವುದಾದರೆ ಕಬ್ಬನ್ ಪಾರ್ಕಿನ ಇಂದಿರಾ ಪ್ರಿಯದರ್ಶಿನಿ ಮಕ್ಕಳ ಗ್ರಂಥಾಲಯ ನೋಡಿಕೊಂಡು ಬನ್ನಿ. ಕನ್ನಡ ಪುಸ್ತಕಕ್ಕೆ ನವಕರ್ನಾಟಕ, ಗಾಂಧಿನಗರದ ಸಪ್ನಾ, ಗಾಂಧಿ ಬಜಾರಿನ ಅಂಕಿತ. ಇಂಗ್ಲಿಷ್ ಸರಣಿಗಳು ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ಅಂಗಡಿಗಳಲ್ಲಿ ಬಳಸಿದ ಪ್ರತಿಯಾಗಿ ಸಿಗುತ್ತವೆ. ಬಿಡಿಬಿಡಿಯಾಗಿ ಕೊಳ್ಳುವವರಿಗೆ ಅದು ಅನುಕೂಲ. ಯಾವ ಸಂಖ್ಯೆಯ ಪುಸ್ತಕ ಮನೆಯಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗದಿದ್ದರೆ ಒಂದೇ ಪುಸ್ತಕ ಎರಡು ಸಲ ಬರುತ್ತದೆ. ನಮ್ಮಲ್ಲಿ ಬಂದಿದೆ.

ಸಾಮಾನ್ಯವಾಗಿ ಆಗುವ ತಪ್ಪು

ರಿಯಾಯಿತಿ ಇದೆ ಎಂದು ಇಡೀ ಸೆಟ್ಟು ತರುವುದು. ಹುಟ್ಟುಹಬ್ಬಕ್ಕೆ ಬಂದ ಇಪ್ಪತ್ತು ಪುಸ್ತಕಗಳ ಡಬ್ಬಿ ಮಗುವಿಗೆ ಮನೆಗೆಲಸದಂತೆ ಕಾಣುತ್ತದೆ. ಕಾಯುವ ಸುಖವೂ ಹೋಗುತ್ತದೆ.

ಓದಿ ಮುಗಿಸಿದ ಕೂಡಲೇ ನೀತಿ ಏನು, ಸಾರಾಂಶ ಬರಿ, ಹೊಸ ಪದ ಹತ್ತು ಹೇಳು ಎನ್ನುವುದು. ಶಾಲೆಯಲ್ಲಿ ಅದಕ್ಕೆಲ್ಲ ಸಮಯ ಇದೆ.

ಓದಿದ್ದನ್ನೇ ಓದುತ್ತಾಳೆಂದು ಕಿತ್ತುಕೊಳ್ಳುವುದು. ಎರಡನೇ ಓದಿನಲ್ಲಿ ಅವಳು ಕಥೆ ಬಿಟ್ಟು ಕಥೆ ಹೇಳಿದ ಬಗೆಯನ್ನು ನೋಡುತ್ತಿರುತ್ತಾಳೆ. ಮುಂದೆ ಬರೆಯುವ ಹುಡುಗಿಯರು ಸಿದ್ಧರಾಗುವುದು ಹೀಗೆ.

ಇಂಗ್ಲಿಷ್ ಪುಸ್ತಕವನ್ನು ಬಹುಮಾನವಾಗಿ, ಕನ್ನಡ ಪುಸ್ತಕವನ್ನು ಔಷಧಿಯಾಗಿ ಕೊಡುವುದು. "ಎರಡು ಪುಟ ಕನ್ನಡ ಓದಿದ್ರೆ ಮಾತ್ರ ಅದನ್ನ ಕೊಡ್ತೀನಿ" ಎಂದು ಒಮ್ಮೆ ಅಂದರೂ ಸಾಕು, ಕನ್ನಡ ಕಹಿಯಾಗುತ್ತದೆ.

ಅಣ್ಣನ ಕಪಾಟು ಬೇರೆ, ತಂಗಿಯ ಕಪಾಟು ಬೇರೆ ಮಾಡುವುದು. ಮಿಲೇನಿಯಂ ಸರಣಿಯನ್ನು ಅವನಿಗೆ, ರಾಜಕುಮಾರಿಯನ್ನು ಇವಳಿಗೆ ಹಂಚಿದರೆ ಇಬ್ಬರಿಗೂ ಅರ್ಧ ಲೋಕ ಸಿಗುತ್ತದೆ. ಅವನೂ ರಮೋನಾ ಓದಲಿ.

ಕೊನೆಯದಾಗಿ, ಸರಣಿಯನ್ನು ಮಧ್ಯದಲ್ಲಿ ಬಿಟ್ಟಳೆಂದು ಬೈಯುವುದು. ಒಂಬತ್ತನೇ ಪುಸ್ತಕದ ಮೂವತ್ತನೇ ಪುಟಕ್ಕೆ ಬೇಸರ ಬಂತೆಂದರೆ, ಮುಂದೇನಾಗುತ್ತದೆ ಎಂಬುದು ಅವಳಿಗೆ ಮೊದಲೇ ಹೊಳೆಯತೊಡಗಿದೆ ಎಂದರ್ಥ. ಆ ಸರಣಿಯನ್ನು ದಾಟಿ ಅವಳು ಬೆಳೆದಿದ್ದಾಳೆ. ಕಳೆದ ತಿಂಗಳು ನಮ್ಮವಳು ಸ್ಟಿಲ್ಟನ್ ಇಲಿಗಳ ಪುಸ್ತಕಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ, ಕೆಳಗಿನ ಮಹಡಿಯ ಎರಡನೇ ತರಗತಿಯ ಹುಡುಗಿಗೆ ಕೊಟ್ಟು ಬಂದಳು. ಮೊದಲ ಪುಸ್ತಕದ ಒಳಪುಟದಲ್ಲಿ ಪೆನ್ಸಿಲಿನಿಂದ ಬರೆದಿದ್ದಾಳೆ: ಇದು ಒಂದನೇದು, ಇದನ್ನ ಮೊದಲು ಓದು.